ಕರ್ತವ್ಯದಲ್ಲಿ ಮಡಿದ ಪೊಲೀಸರ ನೆನಪಿಗೆ ಕಲ್ಲು ಮತ್ತು ಕಾರ್ಯಕ್ರಮ: ದಿನಾಂಕ, ಹೆಸರು, ಗೌರವ ಎಲ್ಲವೂ ಸರಿಯಾಗಿರಬೇಕಾದರೆ?

ಹನೂರು ಗೆಳೆಯರ ಬಳಗ

ಎಲ್ಲರಿಗೂ ನಮಸ್ಕಾರ. ವೀರಪ್ಪನ್ ಕಾರ್ಯಾಚರಣೆಯ ಕಾಲದಲ್ಲಿ ನಮ್ಮ ಭಾಗದಲ್ಲಿ ಪ್ರಾಣ ಕೊಟ್ಟ ಪೊಲೀಸರ ನೆನಪಿಗೆ ಪ್ರೌಢಶಾಲೆಯ ಆವರಣದಲ್ಲಿ ಒಂದು ಕಲ್ಲು ನಿಲ್ಲಿಸಿ, ವರ್ಷಕ್ಕೊಮ್ಮೆ ಚಿಕ್ಕ ಕಾರ್ಯಕ್ರಮ ನಡೆಸಬೇಕೆಂದು ತೀರ್ಮಾನಿಸಿದ್ದೇವೆ. 1992ರ ಮೇ ತಿಂಗಳಲ್ಲಿ ರಾಮಾಪುರ ಠಾಣೆಯ ಮೇಲೆ ದಾಳಿ ನಡೆದಾಗ ಮಡಿದವರು, ಅದೇ ವರ್ಷ ಆಗಸ್ಟ್ 14ರಂದು ಮೀಣ್ಯದ ಬಳಿ ಎಸ್‌ಪಿ ಹರಿಕೃಷ್ಣ ಮತ್ತು ಎಸ್‌ಐ ಶಕೀಲ್ ಅಹಮದ್ ಅವರೊಂದಿಗೆ ಮಡಿದವರು, ಇವರೆಲ್ಲರ ಹೆಸರೂ ಒಂದೇ ಕಲ್ಲಿನ ಮೇಲೆ ಇರಬೇಕು ಅನ್ನೋದು ನಮ್ಮ ಆಸೆ. ಈಗಿನ ಮಕ್ಕಳಿಗೆ ವೀರಪ್ಪನ್ ಹೆಸರು ಗೊತ್ತು, ಈ ಹೆಸರುಗಳು ಗೊತ್ತಿಲ್ಲ.

ಕೇಳಬೇಕಾದದ್ದು ಇಷ್ಟು. ಕಾರ್ಯಕ್ರಮ ಪೊಲೀಸ್ ಹುತಾತ್ಮರ ದಿನವಾದ ಅಕ್ಟೋಬರ್ 21ಕ್ಕೋ, ಘಟನೆ ನಡೆದ ದಿನಕ್ಕೋ? ಗುಂಡು ಹಾರಿಸಿ ಗೌರವ ಕೊಡುವುದನ್ನು ಊರಿನವರು ಕೇಳಬಹುದೇ? ಎಂಥ ಕಲ್ಲು, ಎಷ್ಟು ದೊಡ್ಡದು, ಏನು ಕೆತ್ತಿಸಬೇಕು? ತಿಳಿದವರು ವಿವರವಾಗಿ ಬರೆಯಿರಿ.

ಪರೇಡ್ ಮೈದಾನ

ಮೊದಲು ದಿನಾಂಕದ ವಿಷಯ. ಅಕ್ಟೋಬರ್ 21 ದೇಶದ ಎಲ್ಲ ಪೊಲೀಸ್ ಪಡೆಗಳಿಗೂ ಸೇರಿದ ದಿನ. ಬೆಂಗಳೂರಿನಲ್ಲಿ ಮೈಸೂರು ರಸ್ತೆಯ ಸಿಎಆರ್ (ನಗರ ಸಶಸ್ತ್ರ ಮೀಸಲು ಪಡೆ) ಮೈದಾನದಲ್ಲಿ, ಜಿಲ್ಲೆಗಳಲ್ಲಿ ಡಿಎಆರ್ (ಜಿಲ್ಲಾ ಸಶಸ್ತ್ರ ಮೀಸಲು ಪಡೆ) ಮೈದಾನ ಅಥವಾ ಹುತಾತ್ಮರ ಸ್ಮಾರಕದ ಮುಂದೆ ಬೆಳಿಗ್ಗೆ ಕಾರ್ಯಕ್ರಮ ನಡೆಯುತ್ತದೆ. ಅಲ್ಲಿ ಓದುವ ಪಟ್ಟಿ ಹಿಂದಿನ ವರ್ಷದ ಸೆಪ್ಟೆಂಬರ್ 1ರಿಂದ ಈ ವರ್ಷದ ಆಗಸ್ಟ್ 31ರವರೆಗೆ ಮಡಿದವರದು ಮಾತ್ರ. 1992ರವರ ಹೆಸರು ಆ ಪಟ್ಟಿಯಲ್ಲಿ ಒಮ್ಮೆ ಬಂದು ಹೋಗಿದೆ, ಮತ್ತೆ ಬರುವುದಿಲ್ಲ. ಇದು ಗೊತ್ತಿಲ್ಲದೆ ಎಷ್ಟೋ ಕುಟುಂಬಗಳು ಕೊನೆಯವರೆಗೂ ಕಾದು ನಿಂತು, ನಮ್ಮವರ ಹೆಸರು ಓದಲೇ ಇಲ್ಲವಲ್ಲ ಎಂದು ನೊಂದುಕೊಂಡು ಹೋಗುತ್ತವೆ.

ಆಗಸ್ಟ್ 31ರ ಗಡಿ ಇನ್ನೊಂದು ಗೊಂದಲವನ್ನೂ ತರುತ್ತದೆ. ದೊಡ್ಡಬಳ್ಳಾಪುರದ ಪಿಎಸ್‌ಐ ಜಗದೀಶ್ ಅವರು 2015ರ ಅಕ್ಟೋಬರ್ 16ರಂದು ನೆಲಮಂಗಲದಲ್ಲಿ ಇರಿತಕ್ಕೆ ಬಲಿಯಾದರು. ಹುತಾತ್ಮರ ದಿನಕ್ಕೆ ಐದೇ ದಿನ ಉಳಿದಿತ್ತು. ನಿಯಮದ ಪ್ರಕಾರ ಅಂಥ ಹೆಸರು ಮುಂದಿನ ವರ್ಷದ ಪಟ್ಟಿಗೆ ಸೇರುತ್ತದೆ. ಇದನ್ನು ಮನೆಯವರಿಗೆ ಯಾರಾದರೂ ಮೊದಲೇ ಹೇಳಬೇಕು.

ಹಾಗಾಗಿ ನನ್ನ ಸಲಹೆ: ಅಕ್ಟೋಬರ್ 21ರಂದು ಬಳಗದ ನಾಲ್ಕು ಜನ ಜಿಲ್ಲಾ ಕಾರ್ಯಕ್ರಮಕ್ಕೆ ಹೋಗಿ ಬನ್ನಿ. ನಿಮ್ಮ ಊರಿನ ಕಾರ್ಯಕ್ರಮ ಆಗಸ್ಟ್ 14ಕ್ಕೇ ಇರಲಿ. ಮಾರನೇ ದಿನ ಸ್ವಾತಂತ್ರ್ಯ ದಿನ, ಶಾಲೆಯ ಅಂಗಳ ಹೇಗೂ ಸಜ್ಜಾಗಿರುತ್ತದೆ, ಮಕ್ಕಳೂ ಇರುತ್ತಾರೆ. ಆದರೆ ಎರಡನ್ನೂ ಸೇರಿಸಿ 15ಕ್ಕೆ ಮಾಡೋಣ ಎಂಬ ಮಾತು ಖಂಡಿತ ಬರುತ್ತದೆ, ಒಪ್ಪಬೇಡಿ. ಒಮ್ಮೆ ಸೇರಿಸಿದರೆ ಎರಡು ವರ್ಷದಲ್ಲಿ ಅದು ಭಾಷಣದ ನಡುವಿನ ಒಂದು ಸಾಲಾಗುತ್ತದೆ.

ಭೀಮಾತೀರ

ಪರೇಡ್ ಮೈದಾನ ಸರ್ ಹೇಳಿದ್ದು ಖರೆ ಅದ. ದಿನಾಂಕದಾಗ ಇನ್ನೊಂದು ತೊಡಕು ಅದ ನೋಡ್ರಿ. ನಮ್ಮ ಕಲಬುರಗಿಯ ಪಿಎಸ್‌ಐ ಮಲ್ಲಿಕಾರ್ಜುನ ಬಂಡೆ ಅವರಿಗೆ ಗುಂಡು ಬಿದ್ದಿದ್ದು 2014ರ ಜನವರಿ 8ಕ್ಕ, ತೀರಿಕೊಂಡಿದ್ದು ಹೈದರಾಬಾದ್ ಆಸ್ಪತ್ರ್ಯಾಗ ಜನವರಿ 15ಕ್ಕ. ಒಂದು ಫಲಕದ ಮ್ಯಾಲೆ ಒಂದು ತಾರೀಖು, ಇನ್ನೊಂದರ ಮ್ಯಾಲೆ ಇನ್ನೊಂದು ಬಂದರ ಹತ್ತು ವರ್ಷದ ಮ್ಯಾಲೆ ಓದಿದವರು ಯಾವುದನ್ನ ನಂಬಬೇಕು? ಅದಕ್ಕ ಕಲ್ಲಿನ ಮ್ಯಾಲೆ ಎರಡೂ ಬರೀರಿ: ‘ಗಾಯಗೊಂಡದ್ದು’, ‘ವೀರಮರಣ’. ಪುಣ್ಯಸ್ಮರಣೆ ಮಾತ್ರ ತೀರಿಕೊಂಡ ದಿನಾನೇ ಮಾಡ್ರಿ, ಮನೀ ಮಂದಿ ನೆನೆಯೋ ದಿನ ಅದೇ.

ರಾತ್ರಿ ನಡೆದ ಘಟನಾ ಇದ್ದರ ಇನ್ನೂ ಹುಷಾರು. ಪಾವಗಡದ ವೆಂಕಟಮ್ಮನಹಳ್ಳಿಯಾಗ ಕೆಎಸ್‌ಆರ್‌ಪಿ ತುಕಡಿ ಮ್ಯಾಲೆ ನಕ್ಸಲರ ದಾಳಿ ಆಗಿದ್ದು 2005ರ ಫೆಬ್ರವರಿ 10ರ ರಾತ್ರಿ. ಇಂಥಾ ಕಡೆ 10 ಬರೆದವರೂ ಇರತಾರ, 11 ಬರೆದವರೂ ಇರತಾರ. ಮರಣೋತ್ತರ ಪರೀಕ್ಷೆ ವರದಿ, ಎಫ್‌ಐಆರ್ ಎರಡನ್ನೂ ಮುಂದಿಟ್ಟುಕೊಂಡು ವೇಳೆ ನೋಡ್ರಿ. ಪೇಪರಿನ್ಯಾಗ ಬಂದ ತಾರೀಖಿನ ಮ್ಯಾಲೆ ಕಲ್ಲು ಕೆತ್ತಿಸಬ್ಯಾಡ್ರಿ, ಪೇಪರು ಒಂದು ದಿನ ಹಿಂದ ಇರತದ.

ದಾಖಲೆ ಕಪಾಟು

ಬಳಗದವರು ದಾಖಲೆ ಹುಡುಕಲು ಹೊರಟಾಗ ಮೊದಲ ಎಡವಟ್ಟು ಆಗುವುದೇ ಯಾವ ಕಚೇರಿಗೆ ಹೋಗಬೇಕು ಎನ್ನುವುದರಲ್ಲಿ. 1992ರಲ್ಲಿ ಚಾಮರಾಜನಗರ ಜಿಲ್ಲೆ ಇರಲಿಲ್ಲ, ಅದು ಆದದ್ದು 1997ರಲ್ಲಿ. ಹನೂರು ಆಗ ಕೊಳ್ಳೇಗಾಲ ತಾಲ್ಲೂಕಿನಲ್ಲಿತ್ತು, ಕೊಳ್ಳೇಗಾಲ ಮೈಸೂರು ಜಿಲ್ಲೆಯಲ್ಲಿತ್ತು. ಹರಿಕೃಷ್ಣ ಅವರು ಮೈಸೂರಿನ ಎಸ್‌ಪಿ. ಆದ್ದರಿಂದ ಚಾಮರಾಜನಗರ ಎಸ್‌ಪಿ ಕಚೇರಿಯಲ್ಲಿ ‘ನಮ್ಮಲ್ಲಿ ಇಲ್ಲ’ ಎಂದರೆ ಅಲ್ಲಿಗೇ ಬಿಡಬೇಡಿ, ಮೈಸೂರು ಜಿಲ್ಲಾ ಪೊಲೀಸ್ ಕಚೇರಿಗೂ ಅರ್ಜಿ ಕೊಡಿ. ಸಿಬ್ಬಂದಿ ಬೇರೆ ಘಟಕದಿಂದ ನಿಯೋಜನೆ ಮೇಲೆ ಬಂದಿದ್ದರೆ ಅವರ ಸೇವಾ ಪುಸ್ತಕ ಮೂಲ ಘಟಕದಲ್ಲಿರುತ್ತದೆ, ಘಟನೆ ನಡೆದ ಜಿಲ್ಲೆಯಲ್ಲಿ ಅಲ್ಲ.

ಒಬ್ಬೊಬ್ಬರ ಬಗ್ಗೆಯೂ ಇಷ್ಟನ್ನು ಬರೆದುಕೊಳ್ಳಿ: ಇನಿಷಿಯಲ್ ಬಿಡಿಸಿದ ಪೂರ್ತಿ ಹೆಸರು, ಮಡಿದ ದಿನ ಇದ್ದ ಹುದ್ದೆ (ಮರಣಾನಂತರ ಬಡ್ತಿ ಸಿಕ್ಕಿದ್ದರೆ ಅದನ್ನು ಬೇರೆಯಾಗಿ), ಕಾನ್‌ಸ್ಟೆಬಲ್ ಅಥವಾ ಹೆಡ್ ಕಾನ್‌ಸ್ಟೆಬಲ್ ಆಗಿದ್ದರೆ ಪಿ.ಸಿ. ಅಥವಾ ಎಚ್.ಸಿ. ನಂಬರ್, ಠಾಣೆ ಅಥವಾ ತುಕಡಿ, ಹುಟ್ಟೂರು, ಹುಟ್ಟಿದ ಮತ್ತು ಮಡಿದ ದಿನಾಂಕ, ಸ್ಥಳ, ಪದಕ ಬಂದಿದ್ದರೆ ಅದರ ಹೆಸರು ಮತ್ತು ಘೋಷಣೆಯಾದ ವರ್ಷ. ಒಂದೇ ಹೆಸರಿನವರು ಒಂದೇ ತುಕಡಿಯಲ್ಲಿ ಇಬ್ಬರಿದ್ದಾಗ ಆ ನಂಬರ್ ಒಂದೇ ಆಧಾರ.

ಹೆಸರಿನ ಕಾಗುಣಿತವೇ ದೊಡ್ಡ ಕೆಲಸ. ಪಟ್ಟಿಗಳು ಇಂಗ್ಲಿಷಿನಲ್ಲಿರುತ್ತವೆ, ಅಲ್ಲಿಂದ ಕನ್ನಡಕ್ಕೆ ತರುವವರು ಅಂದಾಜಿಗೆ ಬರೆಯುತ್ತಾರೆ. ಲ–ಳ, ನ–ಣ, ಹ್ರಸ್ವ–ದೀರ್ಘ, ಅಲ್ಪಪ್ರಾಣ–ಮಹಾಪ್ರಾಣ ಯಾವುದೂ ಇಂಗ್ಲಿಷಿನಲ್ಲಿ ನಿಲ್ಲುವುದಿಲ್ಲ. ಕೊಡವ, ಸೋಲಿಗ, ತಮಿಳು, ಉರ್ದು ಹೆಸರುಗಳಲ್ಲಿ ಇನ್ನೂ ಕಷ್ಟ. ಅವರ ಶಾಲಾ ವರ್ಗಾವಣೆ ಪತ್ರದಲ್ಲಿ ಕನ್ನಡದಲ್ಲಿ ಹೆಸರು ಇದ್ದರೆ ಅದೇ ಪ್ರಮಾಣ. ಮನೆಯವರ ಬಾಯಿಂದ ಹೆಸರು ಹೇಳಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಕಾರ್ಯಕ್ರಮದ ದಿನ ಓದುವವರಿಗೆ ಅದನ್ನೇ ಕೇಳಿಸಿ.

ಪ್ರಶ್ನೆ ಇದೆ

ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ಅಕ್ಟೋಬರ್ 21 ಯಾಕೆ ಅಂತ ಮಕ್ಕಳಿಗೆ ಹೇಳುವಾಗ 1962ರ ಯುದ್ಧದ ನೆನಪಿಗೆ ಅಂತ ಹೇಳಿದರೆ ಸರಿಯಾ?

ಪರೇಡ್ ಮೈದಾನ

ತಪ್ಪಾಗುತ್ತದೆ. ಅದು 1959ರ ಘಟನೆ, ಯುದ್ಧಕ್ಕೆ ಮೂರು ವರ್ಷ ಮೊದಲಿನದು. ಲಡಾಖಿನ ಈಶಾನ್ಯಕ್ಕಿರುವ ಹಾಟ್ ಸ್ಪ್ರಿಂಗ್ಸ್ ಎಂಬಲ್ಲಿಂದ ಲನಕ್ ಲಾ ಕಡೆಗೆ ದಾರಿ ನೋಡಲು ಅಕ್ಟೋಬರ್ 20ರಂದು ಮೂರು ತಂಡಗಳು ಹೊರಟವು. ಎರಡು ಮರಳಿದವು. ಇಬ್ಬರು ಕಾನ್‌ಸ್ಟೆಬಲ್ ಮತ್ತು ಒಬ್ಬ ಹಮಾಲಿ ಇದ್ದ ಮೂರನೆಯದು ಮರಳಲಿಲ್ಲ. ಮಾರನೇ ಬೆಳಿಗ್ಗೆ ಗುಪ್ತಚರ ಇಲಾಖೆಯ ಅಧಿಕಾರಿ ಕರಮ್ ಸಿಂಗ್ ಸುಮಾರು 20 ಜನರೊಂದಿಗೆ ಕುದುರೆ ಮೇಲೆ ಅವರನ್ನು ಹುಡುಕಲು ಹೋದರು, ಉಳಿದವರು ಕಾಲ್ನಡಿಗೆಯಲ್ಲಿ ಹಿಂದೆ ಬಂದರು. ಮಧ್ಯಾಹ್ನದ ಹೊತ್ತಿಗೆ ಗುಡ್ಡದ ಮೇಲಿದ್ದ ಚೀನೀ ಸೈನಿಕರು ಗುಂಡು ಹಾರಿಸಿ ಗ್ರೆನೇಡ್ ಎಸೆದರು. ಮರೆಯಾಗಲು ಏನೂ ಇಲ್ಲದ ಬಯಲು. 10 ಜನ ಮಡಿದರು, ಗಾಯಗೊಂಡ 7 ಜನ ಸೆರೆಯಾದರು. ಮೃತದೇಹಗಳನ್ನು ಚೀನಾ ಕೊಟ್ಟಿದ್ದು ನವೆಂಬರ್ 13ಕ್ಕೆ. ಅಂತ್ಯಕ್ರಿಯೆ ಹಾಟ್ ಸ್ಪ್ರಿಂಗ್ಸ್‌ನಲ್ಲೇ ಪೊಲೀಸ್ ಗೌರವದೊಂದಿಗೆ ನಡೆಯಿತು. 1960ರ ಜನವರಿಯಲ್ಲಿ ಸೇರಿದ ರಾಜ್ಯಗಳ ಐಜಿಪಿಗಳ ಸಮ್ಮೇಳನ ಈ ದಿನವನ್ನು ಗೊತ್ತುಮಾಡಿತು.

ಭಾಷಣಗಳಲ್ಲಿ ಅವರನ್ನು ಐಟಿಬಿಪಿಯವರು ಎನ್ನುವುದೂ ಉಂಟು. ಆ ಪಡೆ ಹುಟ್ಟಿದ್ದೇ 1962ರ ಅಕ್ಟೋಬರ್ 24ರಂದು. ದೆಹಲಿಯ ಚಾಣಕ್ಯಪುರಿಯ ರಾಷ್ಟ್ರೀಯ ಪೊಲೀಸ್ ಸ್ಮಾರಕ 2018ರ ಅಕ್ಟೋಬರ್ 21ರಂದು ಉದ್ಘಾಟನೆಯಾದಾಗ ಅದರ ಗೋಡೆಯ ಮೇಲೆ 34,844 ಹೆಸರುಗಳಿದ್ದವು. ನಿಮ್ಮ ಪಟ್ಟಿಯ ಹೆಸರುಗಳನ್ನು ಆ ಗೋಡೆಯ ಹೆಸರುಗಳೊಂದಿಗೆ ತಾಳೆ ನೋಡಿ. ಕಾಗುಣಿತದಲ್ಲೋ ಹುದ್ದೆಯಲ್ಲೋ ವ್ಯತ್ಯಾಸ ಕಂಡರೆ ಎಸ್‌ಪಿಯವರ ಮೂಲಕ ತಿದ್ದುಪಡಿಗೆ ಬರೆಸಿ.

ಏಪ್ರಿಲ್ 2ರ ಪೊಲೀಸ್ ಧ್ವಜ ದಿನಾಚರಣೆ ಬೇರೆಯೇ. ಅದು 1965ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆ ಜಾರಿಗೆ ಬಂದ ದಿನ. ಅಂದು ಧ್ವಜ ಮಾರಿದ ಹಣ ಪೊಲೀಸ್ ಕಲ್ಯಾಣ ನಿಧಿಗೆ ಹೋಗುತ್ತದೆ.

ಕರಿಕಲ್ಲು

ಕಲ್ಲಿನ ಬಗ್ಗೆ ಕೇಳಿದ್ರಲ್ಲ, ನಿಮ್ಮ ಜಿಲ್ಲೆಯಲ್ಲೇ ಸಿಗೋ ಚಾಮರಾಜನಗರ ಕಪ್ಪು ಗ್ರಾನೈಟ್‌ಗಿಂತ ಒಳ್ಳೆ ಕಲ್ಲು ಬೇಡ. ಹೊರದೇಶಗಳಲ್ಲಿ ಸಮಾಧಿ ಕಲ್ಲಿಗೆ ಹೋಗೋದೂ ಅದೇ. ಕಣ ಸಣ್ಣದು, ಅಂಚು ಒಡೆಯೋದಿಲ್ಲ, ಅಕ್ಷರ ಚೂಪಾಗಿ ನಿಲ್ಲುತ್ತೆ. ಅಮೃತಶಿಲೆ ಬೇಡವೇ ಬೇಡ, ಮಳೆಗೆ ಸವೆದು ಅಕ್ಷರ ಮೊಂಡಾಗುತ್ತೆ.

5 ಅಡಿ ಎತ್ತರ, 3 ಅಡಿ ಅಗಲ, 4 ಇಂಚು ದಪ್ಪ ಸಾಕು. ಇದರ ತೂಕ 400 ಕಿಲೋ ದಾಟುತ್ತೆ, ಕೈಯಲ್ಲಿ ಎತ್ತೋ ಯೋಚನೆ ಮಾಡಬೇಡಿ, ಮುಕ್ಕಾಲಿ ನಿಲ್ಲಿಸಿ ಚೈನ್ ಪುಲ್ಲಿ ಕಟ್ಟಿ. ಒಟ್ಟು ಎತ್ತರದ ಕಾಲು ಭಾಗ, ಅಂದ್ರೆ 15 ಇಂಚು, ನೆಲದೊಳಗೆ ಇರಬೇಕು. ಎರಡೂವರೆ ಅಡಿ ಗುಂಡಿ, ತಳಕ್ಕೆ 6 ಇಂಚು ಜಲ್ಲಿ ಹಾಕಿ ದಮ್ಮಸ್ಸು, ಮೇಲೆ 1:2:4 (ಸಿಮೆಂಟು, ಮರಳು, ಜಲ್ಲಿ) ಕಾಂಕ್ರೀಟ್. ತೂಗುಗುಂಡು ಬಿಟ್ಟು ಎರಡು ಕಡೆಯಿಂದ ನೇರ ನೋಡಿ. ಏಳು ದಿನ ನೀರು ಹಾಕಿ, ಅಲ್ಲಿವರೆಗೂ ಊರುಗೋಲು ತೆಗೀಬಾರದು. ಉದ್ಘಾಟನೆ ದಿನ ಹತ್ತಿರ ಬಂತು ಅಂತ ಮೂರನೇ ದಿನಕ್ಕೆ ಊರುಗೋಲು ತೆಗೆದ್ರೆ ಕಲ್ಲು ಒಂದು ಪಕ್ಕಕ್ಕೆ ವಾಲುತ್ತೆ, ಆಮೇಲೆ ಎತ್ತಿ ಕೂರಿಸೋಕೆ ಆಗಲ್ಲ. ಸುತ್ತಲ ಕಟ್ಟೆ ಕಲ್ಲಿನಿಂದ ಹೊರಕ್ಕೆ ಇಳಿಜಾರಿರಲಿ, ನಾಲ್ಕು ಅಡಿಗೆ ಒಂದು ಇಂಚು. ನೀರು ಬುಡದಲ್ಲಿ ನಿಂತ್ರೆ ಸಿಮೆಂಟಿನ ಉಪ್ಪು ಕಲ್ಲಿನ ಮೇಲೆ ಬೆಳ್ಳಗೆ ಏರುತ್ತೆ.

ಅಕ್ಷರ ಮಷಿನ್‌ನಲ್ಲಿ ಕೊರೆಸಿದ್ರೂ ಸರಿ, ಉಳಿಯಲ್ಲಿ ಹೊಡೆಸಿದ್ರೂ ಸರಿ, ಆಳ ಕನಿಷ್ಠ 3 ಮಿ.ಮೀ. ಇರಬೇಕು. ಹೆಸರಿನ ಅಕ್ಷರ ಒಂದೂವರೆ ಇಂಚು ಎತ್ತರ ಇದ್ರೆ 15 ಅಡಿಯಿಂದ ಆರಾಮಾಗಿ ಓದಬಹುದು. ಕನ್ನಡಕ್ಕೆ ಸಾಲಿನ ನಡುವೆ ಜಾಗ ಜಾಸ್ತಿ ಬಿಡಬೇಕು, ಒತ್ತಕ್ಷರ ಕೆಳಕ್ಕೆ ಇಳಿಯುತ್ತೆ. ‘ಹರಿಕೃಷ್ಣ’ ಅನ್ನೋ ಹೆಸರನ್ನೇ ನೋಡಿ, ಕೃ ಮತ್ತು ಷ್ಣ ಎರಡರ ಬಾಲವೂ ಪಕ್ಕಪಕ್ಕ ಕೆಳಗೆ ಬರುತ್ತೆ. ಅಕ್ಷರದ ಎತ್ತರದಷ್ಟೇ ಖಾಲಿ ಜಾಗ ಕೆಳಗೆ ಬಿಡದಿದ್ರೆ ಕೆಳಗಿನ ಸಾಲಿನ ದೀರ್ಘಕ್ಕೆ, ತಲೆಕಟ್ಟಿಗೆ ತಾಗುತ್ತೆ.

ಹಾಳಾಗೋದು ಹೆಚ್ಚಾಗಿ ಕಂಪ್ಯೂಟರಿನಲ್ಲಿ. ನುಡಿ ಅಥವಾ ಬರಹ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿದ್ದನ್ನ ಕೆತ್ತನೆ ಅಂಗಡಿಯವರು ಬೇರೆ ಸಾಫ್ಟ್‌ವೇರ್‌ನಲ್ಲಿ ತೆರೆದಾಗ ಒತ್ತಕ್ಷರ ಹಾರಿಹೋಗುತ್ತೆ, ಅರ್ಕಾವೊತ್ತು ಪಕ್ಕದ ಅಕ್ಷರಕ್ಕೆ ಹೋಗಿ ಕೂರುತ್ತೆ. ಅಕ್ಷರವನ್ನ ಗೆರೆಚಿತ್ರವಾಗಿ ಬದಲಿಸಿದ ಪಿಡಿಎಫ್ ಮಾತ್ರ ಕೊಡಿ. ಕೆತ್ತುವ ಮುಂಚೆ ಕಲ್ಲಿನ ಅಳತೆಯಲ್ಲೇ ಕಾಗದದ ಮೇಲೆ ಪ್ರಿಂಟ್ ತೆಗೆಸಿ, ಗೋಡೆಗೆ ಅಂಟಿಸಿ, ಮೂರು ಜನ ಬೇರೆಬೇರೆಯಾಗಿ ಓದಿ. ಒಬ್ಬರು ಕೊನೆಯಿಂದ ಹಿಂದಕ್ಕೆ ಓದಬೇಕು, ಆಗ ಕಣ್ಣು ತಪ್ಪಿಸಿಕೊಳ್ಳಲ್ಲ.

ಅಕ್ಷರಕ್ಕೆ ಬಣ್ಣ ತುಂಬಬೇಡಿ. ಹೊಳಪಿನ ಕಪ್ಪು ಕಲ್ಲಿನಲ್ಲಿ ಕೊರೆದ ಭಾಗ ತಾನೇ ಬೂದುಬಿಳಿಯಾಗಿ ಕಾಣುತ್ತೆ. ಎನಾಮಲ್ ಪೇಂಟು ಬಿಸಿಲಿಗೆ ಚಕ್ಕೆ ಎದ್ದು, ಅರ್ಧ ಹೆಸರು ಉಳಿದು ಅರ್ಧ ಹೋಗುತ್ತೆ. ಅದನ್ನ ನೋಡೋಕಾಗಲ್ಲ.

ಏನು ಬರೆಸಬೇಕು ಅಂದ್ರೆ, ಕಡಿಮೆ ಬರೆಸಿ. ಬೇಗೂರಿನ ನಾಗೇಶ್ವರ ದೇವಸ್ಥಾನದ 9ನೇ ಶತಮಾನದ ವೀರಗಲ್ಲಿನಲ್ಲಿ ಬೆಂಗಳೂರ ಕಾಳಗದಲ್ಲಿ ಸತ್ತವರ ವಿಷಯ ಇದೆ. ಸಾವಿರದ ನೂರು ವರ್ಷ ಆದ್ಮೇಲೂ ಅದು ಉಪಯೋಗಕ್ಕೆ ಬಂದಿದ್ದು ಯಾರು, ಎಲ್ಲಿ ಅನ್ನೋದನ್ನ ಬರೆದಿದ್ದರಿಂದ. ಕವಿತೆ, ಗಣ್ಯರ ಹೆಸರು, ಉದ್ಘಾಟಕರ ಹೆಸರು ಯಾವುದೂ ಈ ಕಲ್ಲಿನ ಮೇಲೆ ಬೇಡ. ಉದ್ಘಾಟನೆ ವಿವರ ಬೇಕೇಬೇಕು ಅಂದ್ರೆ ಕಟ್ಟೆಯ ಹಿಂಬದಿಗೆ ಚಿಕ್ಕ ಫಲಕ ಹಾಕಿ.

ಚೌಕದ ಮಾತು

ಕಲ್ಲಿಗಿಂತ ಪ್ರತಿಮೆ ಜನರ ಕಣ್ಣಿಗೆ ಬೀಳುತ್ತದೆ ಅಲ್ಲವೇ? ಊರಿನ ವೃತ್ತದಲ್ಲಿ ನಿಲ್ಲಿಸಿದರೆ ದಿನಾ ಓಡಾಡುವವರೆಲ್ಲ ನೋಡುತ್ತಾರೆ. ಶಾಲೆಯೊಳಗೆ ಯಾರು ಹೋಗುತ್ತಾರೆ?

ದಾಖಲೆ ಕಪಾಟು

ವೃತ್ತದಲ್ಲಿ ಆಗುವುದಿಲ್ಲ. ಸಾರ್ವಜನಿಕ ರಸ್ತೆ, ಪಾದಚಾರಿ ಮಾರ್ಗಗಳಲ್ಲಿ ಪ್ರತಿಮೆ ಸ್ಥಾಪನೆಗೆ ಅನುಮತಿ ಕೊಡಬಾರದೆಂದು ಸುಪ್ರೀಂ ಕೋರ್ಟ್ 2013ರ ಜನವರಿ 18ರಂದು ಆದೇಶಿಸಿದೆ. ಅದನ್ನು ಮೀರಿ ನಿಲ್ಲಿಸಿದರೆ ಯಾವತ್ತಾದರೂ ತೆರವಿನ ನೋಟಿಸ್ ಬರಬಹುದು. ಪ್ರಾಣ ಕೊಟ್ಟವರ ಪ್ರತಿಮೆಗೆ ಅಂಥ ಸ್ಥಿತಿ ಬರಬಾರದು. ಶಾಲೆ, ಠಾಣೆ, ಪಂಚಾಯಿತಿ ಆವರಣವೇ ಸರಿ. ಅಲ್ಲಿಯೂ ಜಾಗ ಯಾರ ಹೆಸರಿನಲ್ಲಿದೆ ನೋಡಿ, ಲಿಖಿತ ಒಪ್ಪಿಗೆ ಮತ್ತು ಪಂಚಾಯಿತಿ ಠರಾವು ಎರಡನ್ನೂ ಇಟ್ಟುಕೊಳ್ಳಿ. ವೃತ್ತಕ್ಕೆ ಹೆಸರಿಡುವುದು ಬೇರೆ ಮಾತು, ಅದನ್ನು ಸ್ಥಳೀಯ ಸಂಸ್ಥೆಯ ಠರಾವಿನ ಮೂಲಕ ಕೇಳಬಹುದು.

ಪರೇಡ್ ಮೈದಾನ

ಪ್ರತಿಮೆಯೋ ಭಾವಚಿತ್ರವೋ ಮಾಡಿಸಿದರೆ ಸಮವಸ್ತ್ರ ಸರಿಯಾಗಿರಲಿ. ಇನ್‌ಸ್ಪೆಕ್ಟರಿಗೆ ಮೂರು ನಕ್ಷತ್ರ, ಪಿಎಸ್‌ಐಗೆ ಎರಡು, ಎಎಸ್‌ಐಗೆ ಒಂದು, ಮೂವರಿಗೂ ಭುಜದಂಚಿಗೆ ಕೆಂಪು–ನೀಲಿ ಪಟ್ಟಿ. ಹೆಡ್ ಕಾನ್‌ಸ್ಟೆಬಲಿಗೆ ತೋಳಿನ ಮೇಲೆ ಮೂರು ಪಟ್ಟೆ. ಕಲಾವಿದರು ಪೊಲೀಸ್ ಎಂದ ಕೂಡಲೇ ಮೂರು ನಕ್ಷತ್ರ ಬರೆದುಬಿಡುತ್ತಾರೆ. ಟೋಪಿಯೂ ಅಷ್ಟೇ. 1992ರ ಕರ್ನಾಟಕದ ಕಾನ್‌ಸ್ಟೆಬಲ್ ಮತ್ತು ಹೆಡ್ ಕಾನ್‌ಸ್ಟೆಬಲ್‌ಗಳಿಗೆ ಇದ್ದದ್ದು ಒಂದು ಬದಿ ಮಡಚಿದ ಸ್ಲೋಚ್ ಹ್ಯಾಟ್. ಈಗಿನ ನೀಲಿ ಪೀಕ್ ಕ್ಯಾಪ್ ಬಂದಿದ್ದು 2025ರಲ್ಲಿ. ಈಗಿನವರನ್ನು ನೋಡಿ ಹಳಬರಿಗೆ ಆ ಕ್ಯಾಪ್ ಹಾಕಿಸಬೇಡಿ.

ಇನ್ನು ಗುಂಡು ಹಾರಿಸುವ ಗೌರವ. ಅದನ್ನು ಕೊಡುವುದು ಇಲಾಖೆ. ಎಸ್‌ಪಿಯವರಿಗೆ ಕನಿಷ್ಠ ಒಂದು ತಿಂಗಳು ಮುಂಚೆ ಪತ್ರ ಕೊಟ್ಟು ಕೇಳಬಹುದು, ತೀರ್ಮಾನ ಅವರದು. ಆಗಸ್ಟ್ 14ಕ್ಕೆ ಡಿಎಆರ್ ಸಿಬ್ಬಂದಿ ಎಲ್ಲರೂ ಮರುದಿನದ ಪರೇಡ್ ತಾಲೀಮಿನಲ್ಲಿರುತ್ತಾರೆ, ಸಿಗದಿದ್ದರೆ ಬೇಸರ ಬೇಡ. ಸಿಕ್ಕರೆ ಈ ಎಚ್ಚರಿಕೆಗಳು ಇರಲಿ. ಬಳಸುವುದು ಗುಂಡಿಲ್ಲದ ಬ್ಲ್ಯಾಂಕ್ ತೋಟಾ. ಆದರೂ ನಳಿಕೆಯಿಂದ ಬರುವ ಬಿಸಿ ಗಾಳಿ, ಸುಡದ ಮದ್ದಿನ ಕಣ ಹತ್ತಿರದವರಿಗೆ ಗಾಯ ಮಾಡುತ್ತವೆ. ಸಾಲಿನ ಮುಂದೆ ಕನಿಷ್ಠ 30 ಮೀಟರ್ ಖಾಲಿ ಇರಲಿ, ಫೋನ್ ಹಿಡಿದು ಮುಂದೆ ನುಗ್ಗುವವರನ್ನು ತಡೆಯಲು ಇಬ್ಬರನ್ನು ನಿಲ್ಲಿಸಿ. ಹಳೆಯ .303 ರೈಫಲಿನಲ್ಲಿ ಪ್ರತಿ ಸುತ್ತಿಗೂ ಬೋಲ್ಟ್ ಎಳೆಯುವುದು ಅಭ್ಯಾಸ. ಎಸ್‌ಎಲ್‌ಆರ್, ಇನ್ಸಾಸ್ ರೈಫಲುಗಳಲ್ಲಿ ಬ್ಲ್ಯಾಂಕ್ ಹೊಡೆದಾಗ ಮುಂದಿನ ತೋಟಾ ತಾನಾಗಿ ಏರಲು ಬೇಕಾದ ಒತ್ತಡ ಸಾಲದು, ನಳಿಕೆಗೆ ಬ್ಲ್ಯಾಂಕ್ ಜೋಡಣೆ ಇಲ್ಲದಿದ್ದರೆ ಪ್ರತಿ ಸಲ ಕೈಯಿಂದ ಕಾಕ್ ಮಾಡಬೇಕು. ತಾಲೀಮು ಇಲ್ಲದವರದು ಎರಡನೇ ಸುತ್ತಿಗೇ ಚೆದುರುತ್ತದೆ. 2019ರ ಆಗಸ್ಟಿನಲ್ಲಿ ಬಿಹಾರದ ಮಾಜಿ ಮುಖ್ಯಮಂತ್ರಿ ಜಗನ್ನಾಥ ಮಿಶ್ರಾ ಅವರ ಅಂತ್ಯಕ್ರಿಯೆಯಲ್ಲಿ 22 ರೈಫಲುಗಳಲ್ಲಿ ಒಂದೂ ಸಿಡಿಯಲಿಲ್ಲ. ತೋಟಾ ಯಾವ ಸಾಲಿನದು, ಒದ್ದೆಯಾಗಿದೆಯೇ ಎಂದು ಹಿಂದಿನ ದಿನವೇ ಒಂದೆರಡು ಹೊಡೆದು ನೋಡಬೇಕು. ಮುಗಿದ ಮೇಲೆ ಖಾಲಿ ಕೋಶಗಳನ್ನು ಎಣಿಸಿ ಶಸ್ತ್ರಾಗಾರಕ್ಕೆ ಒಪ್ಪಿಸಬೇಕಾಗುತ್ತದೆ. ನೆನಪಿಗೆಂದು ಮಕ್ಕಳು ಎತ್ತಿಕೊಂಡರೆ ಆ ಸಿಬ್ಬಂದಿ ಉತ್ತರ ಕೊಡಬೇಕು.

ನಿಮ್ಮ ಕಾರ್ಯಕ್ರಮಕ್ಕೆ ಗುಂಡಿನ ಗೌರವ ಇಲ್ಲದಿದ್ದರೂ ಕೊರತೆಯಿಲ್ಲ. ಹೆಸರು ಓದುವುದು, ಪುಷ್ಪಚಕ್ರ, ಮೌನ. ಇಷ್ಟನ್ನು ಅಚ್ಚುಕಟ್ಟಾಗಿ ಮಾಡಿದರೆ ಸಾಕು.

ಬ್ಯೂಗಲ್ ಧ್ವನಿ

ಕ್ರಮ ಹೀಗೆ ಇಟ್ಟುಕೊಳ್ಳಿ: ಹೆಸರು ಓದುವಿಕೆ, ಪುಷ್ಪಚಕ್ರ, ಗಾರ್ಡ್ ಇದ್ದರೆ ಶೋಕ್ ಶಸ್ತ್ರ (ಬಂದೂಕು ತಲೆಕೆಳಗಾಗಿ ಹಿಡಿಯುವ ಗೌರವ), ಲಾಸ್ಟ್ ಪೋಸ್ಟ್ (ಬ್ಯೂಗಲಿನ ವಿದಾಯದ ಧ್ವನಿ), ಎರಡು ನಿಮಿಷ ಮೌನ, ಆಮೇಲೆ ರೌಸ್ (ಮೌನ ಮುಗಿಸುವ ಬ್ಯೂಗಲ್ ಧ್ವನಿ). ಲಾಸ್ಟ್ ಪೋಸ್ಟ್ ಮತ್ತು ರೌಸ್ ನಡುವೆ ಮೌನ ಬರಬೇಕು, ಮೌನದ ಉದ್ದಕ್ಕೂ ಊದುವುದಲ್ಲ.

ಬ್ಯೂಗಲಿಗೆ ಕೀಲಿಗಳಿಲ್ಲ, ತುಟಿಯ ಬಿಗಿಯಿಂದಲೇ ಐದು ಸ್ವರ. ಬೆಳಗಿನ ತಂಪಿನಲ್ಲಿ ಹಿತ್ತಾಳೆ ತಣ್ಣಗಿದ್ದರೆ ಶ್ರುತಿ ಇಳಿಯುತ್ತದೆ, ಮೇಲಿನ ಸ್ವರ ಒಡೆಯುತ್ತದೆ. ಊದುವವರು ಹತ್ತು ನಿಮಿಷ ಮುಂಚೆ ಸದ್ದಿಲ್ಲದೆ ಒಳಗೆ ಬಿಸಿಯುಸಿರು ಬಿಡುತ್ತ, ಮೌತ್‌ಪೀಸ್ ಅಂಗೈಯಲ್ಲಿ ಹಿಡಿದಿರಬೇಕು. ಅವರನ್ನು ಕಾರ್ಯಕ್ರಮ ಪೂರ್ತಿ ಬಿಸಿಲಲ್ಲಿ ನಿಲ್ಲಿಸಿ ಬಾಯಿ ಒಣಗಿಸಬೇಡಿ.

ಬ್ಯೂಗಲ್ ಸಿಗದಿದ್ದರೆ ರೆಕಾರ್ಡಿಂಗ್. ಫೈಲ್ ಡೌನ್‌ಲೋಡ್ ಆಗಿರಲಿ, ಫೋನ್ ಫ್ಲೈಟ್ ಮೋಡ್‌ನಲ್ಲಿರಲಿ, ಸ್ಪೀಕರಿಗೆ ವೈರ್ ಹಾಕಿ. ನೆಟ್‌ನಿಂದ ಹಾಕಿದರೆ ಮಧ್ಯೆ ಜಾಹೀರಾತು ಬರುತ್ತದೆ, ಬ್ಲೂಟೂತ್ ಆದರೆ ಯಾರದೋ ಕರೆ. ಮೌನಕ್ಕೆ ಮುಂಚೆ ಜನರೇಟರ್ ಮತ್ತು ಆಂಪ್ಲಿಫೈಯರ್ ಎರಡನ್ನೂ ಆರಿಸಿ. ಒಬ್ಬರು ಗಡಿಯಾರ ನೋಡಿ 120 ಸೆಕೆಂಡ್ ಎಣಿಸಬೇಕು, ಅಂದಾಜಿಗೆ ಬಿಟ್ಟರೆ 40 ಸೆಕೆಂಡಿಗೆ ಯಾರಾದರೂ ಕೆಮ್ಮಿ ಮುಗಿಸಿಬಿಡುತ್ತಾರೆ. ನಿರೂಪಕರಿಗೆ ಮೊದಲೇ ಹೇಳಿ: ಚಪ್ಪಾಳೆ ಕೇಳಬಾರದು, ಹೆಸರು ಓದುವಾಗ ವಿಶೇಷಣ ಸೇರಿಸಬಾರದು. ಹುದ್ದೆ, ಹೆಸರು, ಊರು ಹೇಳಿ ಮೂರು ಸೆಕೆಂಡ್ ಬಿಡುವು, ನಂತರ ಮುಂದಿನ ಹೆಸರು.

ಧ್ವಜಸಂಹಿತೆ

ಒಂದು ಚಿಕ್ಕ ಮಾತು. ಕಲ್ಲಿನ ಅನಾವರಣಕ್ಕೆ ರಾಷ್ಟ್ರಧ್ವಜ ಹೊದಿಸಬೇಡಿ. ಪ್ರತಿಮೆ, ಸ್ಮಾರಕಕ್ಕೆ ಹೊದಿಕೆಯಾಗಿ ಧ್ವಜ ಬಳಸುವಂತಿಲ್ಲ ಎಂದು ಧ್ವಜಸಂಹಿತೆಯಲ್ಲೇ ಇದೆ. ಬಿಳಿ ಅಥವಾ ಖಾಕಿ ಬಟ್ಟೆ ಸಾಕು. ಮೃತದೇಹದ ಮೇಲೆ ಹೊದಿಸುವಾಗ ಕೇಸರಿ ತಲೆಯ ಕಡೆಗೆ ಬರಬೇಕು, ಚಿತೆಗೂ ಸಮಾಧಿಗೂ ಧ್ವಜ ಹೋಗಬಾರದು. ಅರ್ಧಕ್ಕೆ ಹಾರಿಸುವುದು ಸರ್ಕಾರದ ಆದೇಶವಿದ್ದಾಗ ಮಾತ್ರ. ಆಗಲೂ ಮೊದಲು ತುದಿಯವರೆಗೆ ಏರಿಸಿ ನಂತರ ಅರ್ಧಕ್ಕೆ ಇಳಿಸಬೇಕು, ಸಂಜೆ ಮತ್ತೆ ತುದಿಗೆ ಏರಿಸಿ ಕೆಳಗಿಳಿಸಬೇಕು.

ಕ್ವಾರ್ಟರ್ಸ್ ಅಕ್ಕ

ಅಣ್ಣಂದಿರೇ, ಇಷ್ಟೆಲ್ಲ ಹೇಳಿದ್ರಿ, ಮನೆಯವರ ಬಗ್ಗೆ ಯಾರೂ ಬರೆಯಲಿಲ್ಲ. ಕಾರ್ಯಕ್ರಮ ಯಾರಿಗಾಗಿ ಅನ್ನೋದು ಅಲ್ಲಿಂದಲೇ ಶುರುವಾಗಬೇಕು.

ಕರೆಯೋದು ಆಹ್ವಾನ ಪತ್ರಿಕೆ ಕಳಿಸಿ ಅಲ್ಲ, ಇಬ್ಬರು ಮನೆಗೆ ಹೋಗಿ ಕೇಳಬೇಕು. ಬರಲ್ಲ ಅಂದ್ರೆ ಒತ್ತಾಯ ಮಾಡಬೇಡಿ. ಬರ್ತೀವಿ ಅಂದ್ರೆ ಬಂದುಹೋಗೋ ವಾಹನದ ವ್ಯವಸ್ಥೆ ನಿಮ್ಮದು. ತಾಯಿಗೂ ಹೆಂಡತಿಗೂ ಮಾತುಕತೆ ಇಲ್ಲದ ಮನೆಗಳಿರುತ್ತವೆ, ಇಬ್ಬರನ್ನೂ ಬೇರೆಬೇರೆಯಾಗಿ ಕರೀರಿ, ಕುರ್ಚಿ ಸಮಾನವಾಗಿರಲಿ. ನೆರಳಲ್ಲಿ, ಮುಂದಿನ ಸಾಲಲ್ಲಿ. ಮೊದಲ ಹೂವು ಅವರದೇ ಆಗಲಿ, ಶಾಸಕರು ಬಂದಿದ್ರೂ ಅವರ ನಂತರವೇ. ವೇದಿಕೆಗೆ ಕರೆದು ಶಾಲು ಹೊದಿಸಿ ‘ಎರಡು ಮಾತಾಡಿ ಅಮ್ಮಾ’ ಅಂತ ಮೈಕ್ ಕೈಗೆ ಕೊಡೋದು ದಯವಿಟ್ಟು ಬೇಡ. ಮೊದಲೇ ಕೇಳಿ, ಅವರೇ ಮಾತಾಡ್ತೀನಿ ಅಂದ್ರೆ ಮಾತ್ರ.

ಗುಂಡು ಹಾರಿಸೋದು ಇದ್ರೆ ಮುಂಚೇನೇ ಹೇಳಿರಿ. ಗುಂಡಿಗೆ ಬಲಿಯಾದವರ ಮನೆಯವರಿಗೆ ಆ ಸದ್ದು ಏನು ಮಾಡುತ್ತೆ ಅಂತ ಯೋಚನೆ ಮಾಡಿ. ಹೇಗೆ ಸತ್ತರು ಅನ್ನೋ ವಿವರ ಮೈಕಲ್ಲಿ ಬೇಡ, ಘಟನೆಯ ಫೋಟೋ ಪರದೆ ಮೇಲೆ ಬೇಡವೇ ಬೇಡ. ಮಕ್ಕಳಿಗೆ ಅವರು ಏನು ಕೆಲಸ ಮಾಡ್ತಿದ್ರು ಅನ್ನೋದನ್ನ ಹೇಳಿ.

ಇತ್ತೀಚೆಗೆ ಯಾರನ್ನಾದರೂ ಕಳೆದುಕೊಂಡ ಮನೆಯವರು ಇದನ್ನ ಓದ್ತಿದ್ರೆ: ಎಫ್‌ಐಆರ್, ಮರಣೋತ್ತರ ಪರೀಕ್ಷಾ ವರದಿ, ಮರಣ ಪ್ರಮಾಣಪತ್ರ ಮೂರರದ್ದೂ ದೃಢೀಕೃತ ಪ್ರತಿ ಹತ್ತತ್ತು ತೆಗೆಸಿಡಿ. ಅವತ್ತು ಕರ್ತವ್ಯದ ಮೇಲೆ ಹೊರಟಿದ್ರು ಅನ್ನೋದಕ್ಕೆ ಠಾಣಾ ದಿನಚರಿಯ ನಮೂದೇ ಸಾಕ್ಷಿ, ಅದರ ಪ್ರತಿ ಮೊದಲ ವಾರದಲ್ಲೇ ಕೇಳಿ. ಆ ಒಂದು ಸಾಲು ಇಲ್ಲದೆ ವಿಶೇಷ ಪಿಂಚಣಿ ಕಡತಗಳು ನಿಂತುಹೋಗುತ್ತವೆ. ಅನುಕಂಪದ ಆಧಾರದ ನೌಕರಿಗೆ ಮರಣದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಕೊಡಬೇಕು. ವರ್ಷದ ತಿಥಿ ಮುಗೀಲಿ ಅಂತ ಕೂತ್ರೆ ಅವಧಿ ಮುಗಿದಿರುತ್ತೆ. ಕಲ್ಲು ನಿಲ್ಲಿಸೋ ಬಳಗಗಳು ಈ ಕಾಗದ ಓಡಾಟಕ್ಕೆ ಒಬ್ಬರನ್ನ ಕೊಟ್ರೆ ಅದೂ ಸ್ಮರಣೆಯೇ.

ಕರಿಕಲ್ಲು

ಅಕ್ಕ ಹೂವಿನ ಮಾತೆತ್ತಿದ್ರು, ಅದಕ್ಕೆ ಸೇರಿಸ್ತೀನಿ. ಪುಷ್ಪಚಕ್ರವನ್ನ ಬಿದಿರು ದಬ್ಬೆಯ ಬಳೆಗೆ ಒಣಹುಲ್ಲು ಸುತ್ತಿ, ಬಾಳೆನಾರಲ್ಲಿ ಕಟ್ಟಿಸಿ. ಕಬ್ಬಿಣದ ತಂತಿ ಒದ್ದೆ ಹೂವಿನ ಜೊತೆ ಎರಡು ದಿನ ಕಲ್ಲಿನ ಮೇಲಿದ್ರೆ ತುಕ್ಕಿನ ಕಲೆ ಬೀಳುತ್ತೆ. ಎರಡು ಅಡಿ ಬಳೆಗೆ ಎರಡರಿಂದ ಮೂರು ಕಿಲೋ ಸೇವಂತಿಗೆ ಬೇಕಾಗುತ್ತೆ. ಹಿಂದಿನ ಸಂಜೆ ಕಟ್ಟಿ ಒದ್ದೆ ಗೋಣಿ ಮುಚ್ಚಿಡಿ.

ಕಲ್ಲಿಗೆ ಎಣ್ಣೆ, ಅರಿಶಿನ, ಕುಂಕುಮ, ಹಾಲು ಯಾವುದೂ ಬೇಡ. ಎಣ್ಣೆ ಕೊರೆದ ಅಕ್ಷರದೊಳಗೆ ಇಳಿದ್ರೆ ಅದೂ ಕಪ್ಪಾಗಿ ಹೆಸರೇ ಕಾಣಲ್ಲ, ಅರಿಶಿನ ಆ ಒರಟು ಜಾಗದಲ್ಲಿ ಹಿಡಿದ್ರೆ ಬಿಡಲ್ಲ. ಭಕ್ತಿಯಿಂದ ಮಾಡೋರನ್ನ ತಡೆಯೋಕಾಗಲ್ಲ, ಅದಕ್ಕೆ ಮೂರಡಿ ಮುಂದೆ ಬೇರೆ ದೀಪದ ಕಲ್ಲು ಇಡಿ, ಎಲ್ಲಾ ಅಲ್ಲಿಗೇ ಹೋಗುತ್ತೆ. ತೊಳೆಯೋಕೆ ನೀರು, ಸೌಮ್ಯ ಸೋಪು, ನೈಲಾನ್ ಬ್ರಷ್. ಆಸಿಡ್ ಮುಟ್ಟಿಸಬೇಡಿ, ಹೊಳಪು ಹೋಗುತ್ತೆ. ಪಾಚಿ ಕಟ್ಟಿದ್ರೆ ಒಂದು ಗಂಟೆ ನೆನೆಸಿ ಬಿದಿರಿನ ಚೂರಲ್ಲಿ ಕೆರೆಯಿರಿ, ತಂತಿ ಬ್ರಷ್ ಬೇಡ.

ಕಾಡಂಚು

ಒಂದು ಕೋರಿಕೆ. ಆ ಕಾಡಿನಲ್ಲಿ ಅರಣ್ಯ ಇಲಾಖೆಯವರೂ ಮಡಿದಿದ್ದಾರೆ. ಐಎಫ್‌ಎಸ್ (ಭಾರತೀಯ ಅರಣ್ಯ ಸೇವೆ) ಅಧಿಕಾರಿ ಪಿ. ಶ್ರೀನಿವಾಸ್ ಅವರನ್ನು ವೀರಪ್ಪನ್ ಕಡೆಯವರು ಶರಣಾಗುವ ಮಾತು ನಂಬಿಸಿ ಕರೆಸಿಕೊಂಡು 1991ರ ನವೆಂಬರ್ 10ರಂದು ಕೊಂದರು, ಅವರಿಗೆ ಮರಣೋತ್ತರ ಕೀರ್ತಿಚಕ್ರ ಬಂತು. ಅರಣ್ಯ ಹುತಾತ್ಮರ ದಿನ ಸೆಪ್ಟೆಂಬರ್ 11. ಪೊಲೀಸರ ಪಟ್ಟಿಯಲ್ಲಿ ಅವರ ಹೆಸರು ಸೇರುವುದಿಲ್ಲ, ಆದರೆ ಆಗಸ್ಟ್ 14ರ ಕಾರ್ಯಕ್ರಮಕ್ಕೆ ಶ್ರೀನಿವಾಸ್ ಅವರು ಕೆಲಸ ಮಾಡಿದ ಗೋಪಿನಾಥಂ ಊರಿನ ಕಡೆಯವರನ್ನೂ ಕರೆಯಿರಿ.

ಹನೂರು ಗೆಳೆಯರ ಬಳಗ

ಎಲ್ಲರಿಗೂ ಮನಸಾರೆ ವಂದನೆ. ಪ್ರತಿಮೆ ಬೇಡ, ಕಲ್ಲೇ ಎಂದು ಗಟ್ಟಿಯಾಯಿತು. ದಿನಾಂಕ ಆಗಸ್ಟ್ 14. ಮುಂದಿನ ವಾರ ಮೈಸೂರು ಮತ್ತು ಚಾಮರಾಜನಗರ ಎರಡೂ ಕಚೇರಿಗಳಿಗೆ ಅರ್ಜಿ ಕೊಡುತ್ತೇವೆ. ಒಂದು ವಿಷಯದಲ್ಲಿ ನಮ್ಮೊಳಗೇ ಭಿನ್ನಾಭಿಪ್ರಾಯವಿದೆ. ಹರಿಕೃಷ್ಣ, ಶಕೀಲ್ ಅಹಮದ್ ಇಬ್ಬರ ಹೆಸರನ್ನು ದೊಡ್ಡದಾಗಿ ಕೆತ್ತಿಸಿ ಉಳಿದವರನ್ನು ಕೆಳಗೆ ಚಿಕ್ಕದಾಗಿ ಹಾಕೋಣ, ಜನಕ್ಕೆ ಗೊತ್ತಿರುವುದು ಅವರಿಬ್ಬರೇ ಎಂದು ಕೆಲವರು ಹೇಳುತ್ತಾರೆ.

ಪರೇಡ್ ಮೈದಾನ

ಜನಕ್ಕೆ ಗೊತ್ತಿರುವುದು ಇಬ್ಬರೇ ಎಂಬ ಕಾರಣಕ್ಕೇ ಅಕ್ಷರ ಸಮನಾಗಿರಬೇಕು. ಮೀಣ್ಯದಲ್ಲಿ ಅಂದು ಅವರಿಬ್ಬರ ಜೊತೆ ಇನ್ನೂ ನಾಲ್ವರು ಸಿಬ್ಬಂದಿ ಮಡಿದರು. ಒಂದೇ ಹೊಂಚುದಾಳಿ, ಅವೇ ಗುಂಡುಗಳು. ಪರೇಡಿನಲ್ಲಿ ಹೆಸರು ಓದುವಾಗ ಕಾನ್‌ಸ್ಟೆಬಲಿಗೆ ದನಿ ತಗ್ಗಿಸುವುದಿಲ್ಲ, ಕಲ್ಲಿನಲ್ಲೂ ತಗ್ಗಿಸಬಾರದು. ಹುದ್ದೆಯ ಅನುಕ್ರಮದಲ್ಲಿ ಬರೆಯಿರಿ, ಅದು ಇಲಾಖೆಯ ರೂಢಿ, ಯಾರೂ ತಕರಾರು ಮಾಡುವುದಿಲ್ಲ. ಎಲ್ಲ ಹೆಸರಿಗೂ ಒಂದೂವರೆ ಇಂಚು, ಹುದ್ದೆ ಮತ್ತು ಊರು ಅದರ ಪಕ್ಕದಲ್ಲಿ ಒಂದು ಇಂಚಿನಲ್ಲಿ. ಎರಡು ಘಟನೆಗಳನ್ನು ದಿನಾಂಕದ ಪ್ರಕಾರ ಬೇರೆ ಮಾಡಿ: ಮೇಲೆ ರಾಮಾಪುರ, ಕೆಳಗೆ ಮೀಣ್ಯ.

ದಾಖಲೆ ಕಪಾಟು

ಆ ನಾಲ್ವರ ಹೆಸರನ್ನು ಅಂತರ್ಜಾಲದ ಇಂಗ್ಲಿಷ್ ಪಟ್ಟಿ ನೋಡಿ ಇಲ್ಲಿ ಯಾರೂ ಅಂದಾಜಿಗೆ ಬರೆಯಬೇಡಿ, ಅದನ್ನೇ ಇನ್ನೊಬ್ಬರು ನಕಲು ಮಾಡುತ್ತಾರೆ. ಎಸ್‌ಪಿ ಕಚೇರಿಯ ಪಟ್ಟಿ ಬಂದ ಮೇಲೆ ಒಬ್ಬೊಬ್ಬರ ಮನೆಗೂ ಆ ಪೂರ್ಣ ಅಳತೆಯ ಪ್ರಿಂಟಿನಲ್ಲಿ ಅವರ ಹೆಸರಿರುವ ಭಾಗ ಕಳಿಸಿ, ‘ಸರಿಯಾಗಿದೆ’ ಎಂದು ಸಹಿ ತೆಗೆದುಕೊಳ್ಳಿ. ವಿಳಾಸ ಬದಲಾಗಿದ್ದರೆ ಪಿಂಚಣಿ ಬರುವ ಖಜಾನೆ ಅಥವಾ ಬ್ಯಾಂಕ್ ಶಾಖೆಯವರು ನಿಮಗೆ ವಿಳಾಸ ಕೊಡುವುದಿಲ್ಲ, ಆದರೆ ಎಸ್‌ಪಿ ಕಚೇರಿಯ ಕಲ್ಯಾಣ ವಿಭಾಗದ ಮೂಲಕ ನಿಮ್ಮ ಪತ್ರವನ್ನು ಅವರಿಗೆ ತಲುಪಿಸಲು ಕೇಳಬಹುದು. ಸಹಿಗಳೆಲ್ಲ ಬರುವವರೆಗೆ ಕೆತ್ತನೆಯವರಿಗೆ ಮುಂಗಡ ಮಾತ್ರ ಕೊಡಿ, ಫೈಲ್ ಕೊಡಬೇಡಿ.